ಗೆರೆಯ ಮೇಲೆ ನಿಂತವನು

ಕಾರ್ಕಳದ ಕಡೆಯಿಂದ ಇಳಿದು ಬರುವ ಸ್ವರ್ಣಾ ನದಿಯಲ್ಲಿ, ತಾವೇ ಕಟ್ಟಿದ ತೆಪ್ಪದ ಮೇಲೆ, ಪರ್ಕಳದ ಕೆಳಗೆ ದೋಣಿ ನಿಲ್ಲುವ ಕಡವು ಮುಟ್ಟಬೇಕು. ಇದು ಸುಗಂಧಿ ಮೇಡಂ ಹಾಕಿಕೊಟ್ಟ ಸಾಹಸ. ಕಡವಿನಲ್ಲಿ ಕಾಲೇಜಿನವರು ಶಾಮಿಯಾನ ಹಾಕಿ ಕಾಯುತ್ತಿದ್ದರು.

ಸುಗಂಧಿ ಮಣಿಪಾಲದ ಒಂದು ಕಾಲೇಜಿನಲ್ಲಿ ಅಮೆರಿಕದ ಚರಿತ್ರೆ ಕಲಿಸುತ್ತಿದ್ದಳು. ಇಂಗ್ಲೆಂಡಿನ ಜೊತೆ 1812ರಲ್ಲಿ ಶುರುವಾದ ಯುದ್ಧ ಮುಗಿದ ಮೇಲೆ ಅಲ್ಲಿಯವರಿಗೆ ‘ನಾವೆಲ್ಲ ಒಂದೇ’ ಎಂಬ ಹುರುಪು ಏರಿತ್ತು. ಅದು ಇಳಿಯುವುದಕ್ಕೂ ಹೆಚ್ಚು ಕಾಲ ಬೇಕಾಗಲಿಲ್ಲ. ಉತ್ತರದ ಕಾರ್ಖಾನೆ, ದಕ್ಷಿಣದ ಹತ್ತಿ, ಪಶ್ಚಿಮದ ಹೊಸ ನೆಲ ಎಂದು ಮೂರು ಪಾಲಾಗಿ ಕಿತ್ತಾಡತೊಡಗಿದರು. ಪುಸ್ತಕ ತೆರೆದರೆ ಆಕಳಿಸುವ ಮಕ್ಕಳಿಗೆ ಇದನ್ನು ನೀರಿನ ಮೇಲೆ ಕಲಿಸಿದರೆ ಹೇಗೆ ಎಂದು ಅವಳಿಗೆ ಹೊಳೆದದ್ದೇ ತಡ, ತೆಪ್ಪ ಸಿದ್ಧವಾಯಿತು.

ತೆಪ್ಪಕ್ಕೆ ಮೂರು ತುಂಡು, ಒಂದೊಂದು ತುಂಡಿಗೆ ನಾಲ್ಕು ನೀಲಿ ಡ್ರಮ್ಮು, ಮೇಲೆ ಬಿದಿರಿನ ಹಾಸು. ಮುಂದಿನದು ಪಶ್ಚಿಮ. ಅಲ್ಲಿ ವಿದ್ಯಾರ್ಥಿನಿ ಸೋಫಿಯಾ ಉದ್ದದ ಬಿದಿರಿನ ಗಳ ಹಿಡಿದು ನಿಂತಳು. ನಡುವಿನದು ಉತ್ತರ. ಅಲ್ಲಿ ಹುಟ್ಟು, ಹಗ್ಗಗಳ ಒಡತಿ ಸುಗಂಧಿ. ಹಿಂದಿನದು ದಕ್ಷಿಣ. ಅಲ್ಲಿ ಗೋಳಿಬಜೆಯ ಡಬ್ಬದ ಮೇಲೆ ಪ್ರತೀಕ್ ಎಂಬ ವಿದ್ಯಾರ್ಥಿ ಕುಳಿತ. ತೆಪ್ಪದ ಹೆಸರು ‘ಒಕ್ಕೂಟ’.

ದಾರಿಯಲ್ಲೊಂದು ಕಿಂಡಿ ಅಣೆಕಟ್ಟು ಉಂಟು. ಅಲ್ಲಿ ತೆಪ್ಪ ಬಿಚ್ಚಿ ದಡದ ಮೇಲೆ ಹೊತ್ತು ದಾಟಿಸಬೇಕು. ಹೊರುವುದಕ್ಕೆಂದು ಬೆಳಿಗ್ಗೆ ಪರ್ಕಳದಲ್ಲಿ ಕೆಲಸಕ್ಕೆ ಕಾದು ನಿಂತವರಲ್ಲಿ ಒಬ್ಬನನ್ನು ಜೀಪು ಹತ್ತಿಸಿಕೊಂಡಿದ್ದರು. ಉತ್ತರ ಕರ್ನಾಟಕದವನು, ನಡುವಯಸ್ಸು, ಬಾಯಿ ತುಂಬ ಎಲೆಅಡಿಕೆ. ಆ ಕಡೆಯವರನ್ನೆಲ್ಲ ‘ಬಿಜಾಪುರದವರು’ ಎಂದುಬಿಡುವುದು ಇಲ್ಲಿಯ ರೂಢಿ. ಪ್ರತೀಕನೂ ಹಾಗೆಯೇ ಕರೆದ.

“ಓ ಬಿಜಾಪುರ, ಆ ಡ್ರಮ್ಮು ಇತ್ತ ತನ್ನಿ ಮಾರಾಯ್ರೆ.”

ಆತ ತಂದ. ತನ್ನ ಮೊಬೈಲನ್ನು ಸೋಫಿಯಾಳ ಕೈಗೆ ಕೊಟ್ಟ. “ಇದು ತೊಯ್ಬಾರ್ದವ್ವಾ. ಮನ್ಯಾಕಿ ಗಳಿಗಿಗೊಮ್ಮೆ ಫೋನ್ ಮಾಡ್ತಾಳ. ನನಗ ಈಜು ಬರೂದಿಲ್ಲ ಅಂತ ಅಂಜತಾಳ.” ಸೋಫಿಯಾ ಅದನ್ನು ಕೊರಳಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು. ಲೈಫ್ ಜಾಕೆಟ್ ಸಿಕ್ಕಿದ್ದು ಮೂರೇ, ಅವನ್ನು ಮೂರು ಪಾಲಿನವರು ತೊಟ್ಟುಕೊಂಡರು.

ಮಳೆ ಬಿಟ್ಟ ಹೊಸತು. ಎರಡೂ ದಡದಲ್ಲಿ ಬಿದಿರು ಬಾಗಿ ನೀರು ಮುಟ್ಟುತ್ತಿತ್ತು. ಹಿಂದೆ ಘಟ್ಟದ ಸಾಲು ನೀಲಿಯಾಗಿ ನಿಂತಿತ್ತು. ಮಿಂಚುಳ್ಳಿ ಇವರಿಗಿಂತ ಮುಂದೆ ಹಾರಿ, ಕೂತು, ಮತ್ತೆ ಹಾರುತ್ತಿತ್ತು. ಕರಿಬಂಡೆಯೊಂದರ ಮೇಲೆ ಬಿಸಿಲು ಕಾಯುತ್ತಿದ್ದ ನೀರುನಾಯಿಗಳು ತೆಪ್ಪ ಕಂಡು ಬುಳಕ್ಕನೆ ಮುಳುಗಿದವು. ನೀರು ರಭಸದಿಂದ ಧುಮುಕುವ ಮೊದಲ ಇಳಿತವನ್ನು ನಾಲ್ವರೂ ಒಟ್ಟಿಗೆ ಹುಟ್ಟು ಹಾಕಿ ದಾಟಿದರು. ‘ಒಕ್ಕೂಟಕ್ಕೆ ಜಯವಾಗಲಿ’ ಎಂದು ಕೂಗಿದ್ದೂ ಒಟ್ಟಿಗೇ.

ಹಸಿವಾದ ಮೇಲೆ ಒಕ್ಕೂಟ ಕೆಟ್ಟಿತು.

“ಒಂದು ಹುಟ್ಟಿಗೆ ಎರಡು ಗೋಳಿಬಜೆ ಸುಂಕ” ಎಂದಳು ಸುಗಂಧಿ.

“ಎಂತ ಸುಂಕ? ದಕ್ಷಿಣದಲ್ಲಿ ಅದು ನಡೆಯುವುದಿಲ್ಲ, ರದ್ದು!” ಎಂದ ಪ್ರತೀಕ್. “ಸುಂಕ ಕೇಳಿದರೆ ನನ್ನ ಹಾಸಿನ ಮೇಲೆ ನೀವು ಕಾಲಿಡುವ ಹಾಗಿಲ್ಲ ಮೇಡಂ.”

ಅಮೆರಿಕದ ಉತ್ತರ, ದಕ್ಷಿಣಗಳೂ ಸುಂಕಕ್ಕಾಗಿ ಹೀಗೆಯೇ ಜಗಳಾಡಿದ್ದವು. ಪಾಠ ತಾನಾಗಿ ನಡೆಯುತ್ತಿದೆ ಎಂದು ಸುಗಂಧಿ ಹಿಗ್ಗಿದಳು. ಪಾಠಕ್ಕೆಂದು ತಂದಿದ್ದ ಕೆಂಪು ಬಣ್ಣದ ಡಬ್ಬಿ ತೆರೆದು, ಉತ್ತರ, ದಕ್ಷಿಣದ ತುಂಡುಗಳು ಕೂಡುವಲ್ಲಿ ಎರಡೂ ಅಂಚಿಗೆ ಗೆರೆ ಎಳೆದಳು. “ಗುಲಾಮಗಿರಿ ಎಲ್ಲಿರಬಹುದು, ಎಲ್ಲಿರಬಾರದು ಎಂದು 1820ರಲ್ಲಿ ನಕ್ಷೆಯ ಮೇಲೆ ಎಳೆದರಲ್ಲ, ಅದೇ ಗೆರೆ ಇದು.”

“ಅಲ್ರೀ, ನಾ ಎಲ್ಲಿ ನಿಂದ್ರಲಿ?” ಎಂದು ಆ ಮನುಷ್ಯ ಕೇಳಿದ.

“ನೀವು ಯಾವ ಪಾಲಿಗೂ ಇಲ್ಲವಲ್ಲ” ಎಂದು ಪ್ರತೀಕ್ ನಕ್ಕ. “ಗೆರೆಯ ಮೇಲೆ ನಿಲ್ಲಿ!”

ಸುಗಂಧಿಯೂ ನಕ್ಕಳು. ಹಿಂದಿನ ವಾರವಷ್ಟೇ ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದ್ದಳು: ಗೆರೆ ಎಳೆದವರು ಬಹಳ ಜನ, ಆದರೆ ಯಾರ ಬದುಕಿನ ಮೇಲೆ ಎಳೆದರೋ ಆ ಗುಲಾಮರನ್ನು ಒಂದು ಮಾತು ಕೇಳಿದವರಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆತ ಒಂದೊಂದು ಕಾಲು ಒಂದೊಂದು ಕಡೆ ಇಟ್ಟು ಗೆರೆಯ ಮೇಲೆ ನಿಂತ.

ಆಗಲೇ ಅಣೆಕಟ್ಟಿನ ಮೊರೆತ ಕೇಳಿಸಿತು. ಬೇಸಿಗೆಗೆ ನೀರು ತಡೆಯುವ ಹಲಗೆ ಇನ್ನೂ ಹಾಕಿರಲಿಲ್ಲ. ತೆರೆದ ಕಿಂಡಿಗಳಲ್ಲಿ ನೀರು ನುಗ್ಗುತ್ತಿತ್ತು.

“ದಡಕ್ಕೆ! ಎಡಕ್ಕೆ!” ಎಂದು ಸೋಫಿಯಾ ಕೂಗಿದಳು.

ಮುಂದಿನ ತುಂಡು ತಿರುಗಿತು. ನಡುವಿನದೂ ತಿರುಗಿತು. ಹಿಂದಿನದು ಬಂಡೆಗೆ ಬಡಿಯಿತು.

ಗೆರೆ ಬಾಯಿಬಿಟ್ಟಿತು.

ತಂತಮ್ಮ ತುಂಡನ್ನು ಸುಗಂಧಿ, ಪ್ರತೀಕ್ ಇಬ್ಬರೂ ಚೆನ್ನಾಗಿಯೇ ಬಿಗಿದಿದ್ದರು. ನಡುವಿನ ಗಂಟನ್ನು ಉತ್ತರ ಬಿಗಿದಿದೆ ಎಂದು ದಕ್ಷಿಣ, ದಕ್ಷಿಣ ಬಿಗಿದಿದೆ ಎಂದು ಉತ್ತರ ಸುಮ್ಮನಿದ್ದವು. ಮಿಕ್ಕ ಹಗ್ಗವೆಲ್ಲ ಸುಗಂಧಿಯ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿತ್ತು.

ಗೆರೆಯ ಮೇಲೆ ನಿಂತಿದ್ದ ಆತ ನೀರಿಗೆ ಬಿದ್ದ. ಕಳಚಿದ ಡ್ರಮ್ಮೊಂದು ಕೈಗೆ ಸಿಕ್ಕಿತು. ಅದನ್ನು ಅಪ್ಪಿಕೊಂಡು ಕಣ್ಣು ಮುಚ್ಚಿಬಿಟ್ಟ. ಡ್ರಮ್ಮು ಕಿಂಡಿಯ ಕಡೆಗೆ ತೇಲಿತು.

ಸೋಫಿಯಾ ಗಳವನ್ನು ಕೆಸರಿಗೆ ಊರಿ ತೆಪ್ಪ ತಡೆದಳು. ಸುಗಂಧಿ ಹಗ್ಗ ಎಸೆದಳು. ಅದು ಅವನ ಹೆಗಲ ಮೇಲೆಯೇ ಬಿತ್ತು. ಆತ ಕಣ್ಣು ತೆರೆಯಲಿಲ್ಲ.

“ಬಿಜಾಪುರ! ಓ ಬಿಜಾಪುರ!” ಎಂದು ಪ್ರತೀಕ್ ಅರಚಿದ.

“ಹಗ್ಗ ಹಿಡಿಯಿರಿ! ಓ... ಓ...” ಸುಗಂಧಿಯ ಕೂಗು ಅಲ್ಲಿಗೇ ನಿಂತಿತು. ಮುಂದೆ ಏನೆಂದು ಕೂಗಬೇಕು? ಬೆಳಿಗ್ಗೆಯಿಂದ ಅವನ ಕೈಯಲ್ಲಿ ಹೊರಿಸಿದ್ದರು, ಅವನ ಪಕ್ಕದಲ್ಲೇ ಕುಳಿತು ಚಹಾ ಕುಡಿದಿದ್ದರು. ಹೆಸರು ಮೂವರಿಗೂ ಗೊತ್ತಿರಲಿಲ್ಲ.

ಸೋಫಿಯಾಳ ಕೊರಳಲ್ಲಿ ಅವನ ಫೋನು ಹೊಡೆದುಕೊಂಡಿತು. ಚೀಲದ ಮೇಲಿನಿಂದಲೇ ಒತ್ತಿದಳು. “ಅಮ್ಮಾ, ನಿಮ್ಮ ಗಂಡನ ಹೆಸರೆಂತ? ಬೇಗ!”

“ಯಾಕವ್ವಾ? ನಾ ಶರಣಮ್ಮ. ಅವ್ರ ಎಲ್ಲಿ ಅದಾರ?”

“ನೀರಿಗೆ ಬಿದ್ದಿದ್ದಾರೆ! ಕರೆಯಬೇಕು, ಹೆಸರು ಹೇಳಿ!”

“ಅಯ್ಯ ಶಿವನ! ಗಂಡನ ಹೆಸರ ಹೆಂಗ ಹೇಳ್ಲೆವ್ವಾ...” ಒಂದು ಉಸಿರು. ಆಮೇಲೆ ಫೋನು ಒಡೆಯುವಂತೆ, “ಈಶಪ್ಪಾ! ಈಶಪ್ಪ ಅಂತವ್ವಾ!”

“ಈಶಪ್ಪಣ್ಣಾ!” ಸುಗಂಧಿ ಎದೆ ಹರಿಯುವಂತೆ ಕೂಗಿದಳು. “ಈಶಪ್ಪಣ್ಣಾ, ಹಗ್ಗ!”

ಕಣ್ಣು ತೆರೆಯಿತು. ಒಂದು ಕೈ ಡ್ರಮ್ಮು ಬಿಟ್ಟು ಹಗ್ಗ ಹಿಡಿಯಿತು.

ಪ್ರತೀಕ್ ನೀರಿಗೆ ಹಾರಿ ಈಶಪ್ಪನ ಕಂಕುಳಿಗೆ ತೋಳು ಕೊಟ್ಟ. ಸುಗಂಧಿ ಎಳೆದಳು. ಅಂಗೈ ಸುಲಿಯಿತು, ಬಿಡಲಿಲ್ಲ. ಕಿಂಡಿಯ ಸೆಳೆತ ಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಎಲ್ಲರೂ ದಡದ ಮುಂಡುಗದ ಪೊದೆಯ ಬೇರುಗಳನ್ನು ಹಿಡಿದರು.

“ಬದುಕಿದ್ದಾರಮ್ಮಾ” ಎಂದು ಸೋಫಿಯಾ ಫೋನಿಗೆ ಹೇಳಿ ಅತ್ತುಬಿಟ್ಟಳು.

ಬಂಡೆಗೆ ಸಿಕ್ಕಿಬಿದ್ದಿದ್ದ ದಕ್ಷಿಣವನ್ನು ಎಳೆದು ತಂದರು. ಡ್ರಮ್ಮುಗಳನ್ನು ಮೂವರೇ ಹೊತ್ತು ಅಣೆಕಟ್ಟು ದಾಟಿಸಿದರು. ಈಶಪ್ಪ ಏಳಹೋದರೆ ಪ್ರತೀಕ್ ಬಿಡಲಿಲ್ಲ. ತಲೆಯೆತ್ತಿ ಅವನ ಮುಖ ನೋಡಲೂ ಇಲ್ಲ. ಹಗ್ಗವನ್ನೆಲ್ಲ ತೆಗೆದು ಮೊದಲು ನಡುವಿನ ಗಂಟು ಬಿಗಿದರು. ಸುಗಂಧಿ ತನ್ನ ಜಾಕೆಟ್ಟನ್ನು ಈಶಪ್ಪನಿಗೆ ತೊಡಿಸಿದಳು. ಕೆಂಪು ಗೆರೆಯನ್ನು ಸೆರಗಿನಿಂದ ಉಜ್ಜಿದಳು. ಹೋಗಲಿಲ್ಲ.

ಕಡವಿನಲ್ಲಿ ಚಪ್ಪಾಳೆ ಬಿತ್ತು. ಮೂರು ಹಾರ ಕಾದಿದ್ದವು. ಪ್ರತೀಕ್ ತನ್ನದನ್ನು ಈಶಪ್ಪನ ಕೊರಳಿಗೆ ಹಾಕಿದಾಗ ಚಪ್ಪಾಳೆ ಇನ್ನಷ್ಟು ಜೋರಾಯಿತು. ಸುಗಂಧಿಗೆ ನೆಲ ಬಿರಿಯಬಾರದೇ ಅನಿಸಿತು. ಎಲ್ಲರೂ ತಿರುಗಿ ಬಂದರಲ್ಲ ಎಂಬ ಸಮಾಧಾನವೊಂದಿತ್ತು, ಅದನ್ನು ಹಿಡಿದುಕೊಂಡು ನಿಂತಳು.

ಸೋಫಿಯಾಳ ಕೊರಳಲ್ಲೇ ಇದ್ದ ಫೋನು ಮತ್ತೆ ಹೊಡೆದುಕೊಂಡಿತು. ಸುಗಂಧಿಯೇ ಎತ್ತಿಕೊಂಡು ಬದಿಗೆ ಹೋದಳು.

“ಮೇಡಂರೀ, ಒಂದ ಮಾತು” ಎಂದಳು ಶರಣಮ್ಮ ತಗ್ಗಿದ ದನಿಯಲ್ಲಿ. “ನಾ ಅವ್ರ ಹೆಸರ ಹೇಳಿದ್ದು ಅವ್ರಿಗೆ ಹೇಳಬ್ಯಾಡ್ರಿ. ನನಗ ಬಾಳ ನಾಚಿಕಿ ಆಗೇತಿ.”

“ನಿಮಗಾ?” ಎಂದಳು ಸುಗಂಧಿ. “ಇಲ್ಲಮ್ಮ, ಹೇಳುವುದಿಲ್ಲ.”

ತಿರುಗಿದರೆ ಈಶಪ್ಪ ಕೊರಳಲ್ಲಿ ಹಾರದೊಂದಿಗೇ ಡ್ರಮ್ಮು ಬಿಚ್ಚಲು ಬಗ್ಗಿದ್ದ.

“ಮೇಡಂರೀ, ನೀರಾಗ ಹೆಸರ ಹಿಡದು ಕರದ್ರಿ. ಅದಕ್ಕ ಜೀವ ಬಂತು ನೋಡ್ರಿ. ನಾ ಹೇಳೇ ಇರಲಿಲ್ಲಲ್ಲ, ನಿಮಗ ಹೆಂಗ ಗೊತ್ತಾತು?”

ಸುಗಂಧಿ ಅವನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಗಂಟಿನ ಇನ್ನೊಂದು ತುದಿ ಹಿಡಿದಳು.

“ಬೆಳಿಗ್ಗೆಯೇ ಕೇಳಬೇಕಿತ್ತು ಈಶಪ್ಪಣ್ಣ” ಎಂದಳು.

ಇದು ತನ್ನ ಪ್ರಶ್ನೆಗೆ ಉತ್ತರ ಹೇಗಾಯಿತು ಎಂದು ತಿಳಿಯದೆ ಈಶಪ್ಪ ನಕ್ಕ. ಇಬ್ಬರೂ ಸೇರಿ ಗಂಟು ಬಿಚ್ಚತೊಡಗಿದರು. ಒದ್ದೆ ಹಗ್ಗ, ಬೇಗ ಬಿಚ್ಚಿಕೊಳ್ಳಲಿಲ್ಲ.