ಸೀಸೆಯಲ್ಲ, ಸೀಸ

ಸೋಮವಾರ ಬೆಳಗ್ಗೆ ಠಾಣೆಯ ಕಸ ಗುಡಿಸುವ ಹೊತ್ತಿಗೇ ಅಂಜಿನಮ್ಮ ಬಂದು ನಿಂತಿದ್ದಳು. ಅಜ್ಜಂಪುರದಾಚೆ ಹೊಂಗೆಕಟ್ಟೆ ಊರಿನವಳು. ಕೆರೆ ನೀರು ಕುಡಿದ ಅವಳ ಎಮ್ಮೆ ಸತ್ತಿತ್ತು. ಏಳು ವರ್ಷದ ಮಗಳು ಮಧುಶ್ರೀ ಫಿಟ್ಸ್ ಬಂದು ಶಿವಮೊಗ್ಗದ ಆಸ್ಪತ್ರೆ ಸೇರಿದ್ದಳು.

"ಕೆರೆಗೆ ಯಾರೋ ವಿಷ ಹಾಕವ್ರೆ ಮೇಡಂ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ. ಮಗು ಎದ್ದು ಓಡಾಡಿದ್ರೆ ಸಾಕು."

ಅವಳು ಅಳಲಿಲ್ಲ. ಪಿಎಸ್‌ಐ ಸುಮನಾಗೂ ಏನೂ ಅನಿಸಲಿಲ್ಲ. ಇಂಥ ದೂರು ಬರೆದೂ ಬರೆದೂ ಮನಸ್ಸು ಜಡ್ಡುಗಟ್ಟಿತ್ತು. ಎಫ್‌ಐಆರ್ ದಾಖಲಿಸಿ, ಪಂಚರೆದುರು ಕೆರೆಯ ನೀರು, ಕೆಸರು ತುಂಬಿಸಿ ಲ್ಯಾಬಿಗೆ ಕಳಿಸಿದಳು.

ವರದಿಗೂ ಮೊದಲು ಲ್ಯಾಬಿನಿಂದ ಫೋನ್ ಬಂತು. ಎತ್ತಿದವರು ಹೆಡ್ ಕಾನ್‌ಸ್ಟೆಬಲ್ ಕರಿಸಿದ್ದಪ್ಪ. ಅವರ ಕಿವಿ ಸ್ವಲ್ಪ ಮಂದ. ಅದನ್ನು ಒಪ್ಪಿಕೊಳ್ಳುವ ಜಾಯಮಾನ ಮಾತ್ರ ಅವರದಲ್ಲ. "ಕೆಸರಿನಲ್ಲಿ ಸೀಸ ಸಿಕ್ಕಿದೆ" ಅಂದದ್ದು ಅವರಿಗೆ "ಸೀಸೆ" ಅಂತ ಕೇಳಿಸಿತು. ವಿಷದ ಸೀಸೆ ಹುಡುಕಿಯೇ ಬಿಡುತ್ತೇನೆ ಅಂತ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಕಟ್ಟಿಕೊಂಡು ಹೊರಟವರು, ಸಂಜೆ ಹೊತ್ತಿಗೆ ಊರಿನ ಕುಡುಕರ ವರ್ಷದ ಗಳಿಕೆಯನ್ನೆಲ್ಲ ಮೂಟೆ ಕಟ್ಟಿ ತಂದಿದ್ದರು.

ಸುಮನಾ ಆಗಷ್ಟೇ ಆಸ್ಪತ್ರೆಯಿಂದ ಮರಳಿದ್ದಳು. ಮಗುವಿಗೆ ಏನು ತಿನ್ನಿಸುತ್ತಿದ್ದಿ ಎಂದು ಡಾಕ್ಟರು ಕೇಳಿದಾಗ ಅಂಜಿನಮ್ಮ, "ಕೆರೆ ಅಂಚಿನ ಹೊನಗೊನ್ನೆ ಸೊಪ್ಪು, ಕಣ್ಣಿಗೆ ಒಳ್ಳೇದು ಅಂತ ದಿನಾ" ಅಂದಿದ್ದಳು.

"ಸೀಸೆ ಅಲ್ರೀ ಕರಿಸಿದ್ದಪ್ಪೋರೇ, ಸೀಸ! ಬ್ಯಾಟರಿ ಒಳಗಿರುತ್ತಲ್ಲ, ಲೆಡ್ಡು. ಮಗುವಿನ ರಕ್ತದಲ್ಲೂ ಅದೇ ಇದೆ."

ಠಾಣೆಯೆಲ್ಲ ನಕ್ಕಿತು. ಕರಿಸಿದ್ದಪ್ಪ ಮಾತ್ರ ಮೂಟೆಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದರು.

"ಹಂಗಾರೆ ಇದು? ಬ್ಯಾಟರಿ ವಾಟರ್ ಅಂತೈತೆ. ಕೆರೆ ಅಂಗಳದ ಜಾಲಿ ಪೊದೇಲಿ ಇಂಥವು ಬೇಕಾದಷ್ಟು ಬಿದ್ದವೆ."

ಹೋಗಿ ನೋಡಿದರೆ ಪೊದೆಯ ಹಿಂದೆ ಸುಟ್ಟ ನೆಲ, ಒಡೆದ ಬ್ಯಾಟರಿ ಡಬ್ಬಗಳು, ಬೂದು ಬಣ್ಣದ ಲೋಹ ಮೆತ್ತಿದ ಬಾಣಲೆ. ಅಲ್ಲಿಂದ ಮಳೆನೀರು ನೇರ ಕೆರೆಗೆ ಇಳಿಯುತ್ತಿತ್ತು. ಪಂಚನಾಮೆ ಆಯಿತು. ಸುತ್ತಮುತ್ತ ಬ್ಯಾಟರಿ ಅಂಗಡಿ ಇದ್ದದ್ದು ಒಂದೇ, ರುದ್ರಮೂರ್ತಿಯದು. ಅವನನ್ನು ಠಾಣೆಗೆ ಕರೆಸಿದರು.

"ಹಳೇ ಬ್ಯಾಟರಿ ಸೀಸ ಅಲ್ಲಿ ಕರಗಿಸ್ತಿದ್ದವನು ನೀನೇನಾ?"

"ನಾನೇ ಮೇಡಂ."

"ಮೊದಲೆಲ್ಲಿ ಕರಗಿಸ್ತಿದ್ದೆ?"

"ಮನೆ ಹಿತ್ತಲಲ್ಲಿ."

"ಜಾಗ ಯಾಕೆ ಬದಲಾಯಿಸಿದೆ?"

ಅವನು ನೆಲ ನೋಡಿದ. "ನನ್ನ ಮಗಳು ಸಂಗೀತಾಗೆ ಕೈಕಾಲು ಜೋಮು ಹಿಡಿಯೋದು, ಹೊಟ್ಟೆನೋವು. ಸೀಸದ ಹೊಗೆಯಿಂದ ಅಂದ್ರು ಡಾಕ್ಟ್ರು. ಅದಕ್ಕೇ ದೂರ ತಗೊಂಡೋದೆ."

"ಕೆರೆಗೆ ಸೇರುತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆಮೇಲೆ ನಮ್ಮನೆಗೆ ಕೆರೆ ಸೊಪ್ಪು ತರಿಸ್ತಿರ್ಲಿಲ್ಲ."

ಸುಮನಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದಕ್ಕೆ ನಾಚಿಕೆಯಾಯಿತು. ಹೇಳಿಕೆ ಬರೆದುಕೊಂಡು ಅವನನ್ನು ಬಂಧಿಸಿದಳು.

ಮರುದಿನ ಅಂಜಿನಮ್ಮ ಬಂದಳು. ರುದ್ರಮೂರ್ತಿ ಹೇಳಿದ್ದನ್ನೆಲ್ಲ ಸುಮನಾ ಮುಚ್ಚಿಡದೆ ಹೇಳಿದಳು.

"ಅವನ ಮಗಳು ಈಗ ಹೆಂಗವ್ಳೆ?"

"ಹುಷಾರಾಗಿದ್ದಾಳೆ. ಸ್ಕೂಲಿಗೆ ಹೋಗ್ತಾಳೆ."

ಶಾಪ ಹಾಕುತ್ತಾಳೆ ಅಂತ ಸುಮನಾ ಕಾದಳು. ಅಂಜಿನಮ್ಮ ಮೇಜಿನ ಹತ್ತಿರಕ್ಕೆ ಬಂದಳು.

"ಆ ಮಗೀನ ಯಾವ ಡಾಕ್ಟ್ರು ವಾಸಿ ಮಾಡಿದ್ದು ಅಂತ ಅವನನ್ನ ಒಂದು ಮಾತು ಕೇಳ್ತೀರಾ ಮೇಡಂ?"

ಸುಮನಾ ಎದ್ದು ಲಾಕಪ್ ಕಡೆ ಹೋದಳು.