ಚಾಕಿ ವ್ಯಾನಿನ ತಂಪು

ಹನ್ನೊಂದನೆಯ ಟ್ರೇಯನ್ನು ವ್ಯಾನಿನೊಳಗೆ ಜೋಡಿಸುವಾಗಲೇ ಶೈಲಶ್ರೀಗೆ ಗೊತ್ತಾಯಿತು. ಫ್ಯಾನು ತಿರುಗುತ್ತಿತ್ತು, ಎ.ಸಿ. ಗುಂಡಿಯ ದೀಪವೂ ಉರಿಯುತ್ತಿತ್ತು. ಬರುತ್ತಿದ್ದುದು ಮಾತ್ರ ಬಿಸಿಗಾಳಿ...

ಟ್ರೇಗಳಲ್ಲಿದ್ದವು ರೇಷ್ಮೆಯ ಮರಿಹುಳುಗಳು. ಬಂಕಾಪುರದ ತನ್ನ ಚಾಕಿ ಕೇಂದ್ರದಲ್ಲಿ ಎಂಟು ದಿನ ಸಾಕಿ, ಈಗ ಅಬಲೂರಿನ ಆರು ರೈತರಿಗೆ ತಲುಪಿಸಬೇಕಿತ್ತು. ಏಪ್ರಿಲ್ ಬಿಸಿಲು. ವ್ಯಾನು ತಂಪಾಗದಿದ್ದರೆ ಅಷ್ಟೂ ಹುಳು ದಾರಿಯಲ್ಲೇ ಸಾಯುತ್ತವೆ.

ಅವಳನ್ನು ಕೇಳದೆಯೇ ಅವ್ವ ಹೊಳೆವ್ವ ಫೋನು ಮಾಡಿಬಿಟ್ಟಿದ್ದಳು. ಸಂಜಯನಿಗೆ.

ಅಯ್ಯೋ, ಅವನಿಗೇ ಯಾಕೆ...

ಹೆದ್ದಾರಿ ಪಕ್ಕದ ಗ್ಯಾರೇಜುಗಳಲ್ಲಿ ಎ.ಸಿ. ರಿಪೇರಿ ಬಲ್ಲವನು ಅವನೊಬ್ಬನೇ, ನಿಜ. ಆದರೆ ಕಳೆದ ತಿಂಗಳು ಇದೇ ವ್ಯಾನಿಗೆ ಗ್ಯಾಸು ತುಂಬಿ, ಕೈ ಒರೆಸಿಕೊಳ್ಳುತ್ತ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದವನೂ ಅವನೇ. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಕೊಡುವುದಾದರೂ ಹೇಗೆ? ಆರು ವರ್ಷ ಜೊತೆಗೆ ಬಾಳಿದ ಗಂಡ, ಹಾಲು ಉಕ್ಕಿದರೂ ಕರೆಂಟು ಹೋದರೂ ಮೊದಲು ಹುಡುಕುತ್ತಿದ್ದುದು ತಪ್ಪು ಯಾರದೆಂದು. ಅದು ಯಾವಾಗಲೂ ಅವಳದೇ ಆಗಿರುತ್ತಿತ್ತು. ಬಿಟ್ಟು ಬಂದು ಐದು ವರ್ಷವಾದರೂ, ಏನಾದರೂ ಕೆಟ್ಟರೆ ಸಾಕು, ಬೈಗುಳ ಬಂದೇ ಬರುತ್ತದೆಂದು ಕಾಯುತ್ತಿದ್ದಳು.

ಸಂಜಯ ಬಂದ. ಅವಳ ಮುಖ ನೋಡದೆ ಬಾನೆಟ್ ಎತ್ತಿದ. ಫ್ಯೂಸು ಸರಿಯಿತ್ತು. ಎ.ಸಿ.ಯ ರಿಲೇ ಕೆಟ್ಟಿರಬಹುದೆಂದು ಹಾರ್ನಿನದನ್ನು ಕಿತ್ತು ಹಾಕಿ ನೋಡಿದ. ಕಂಪ್ರೆಸರ್ ತಿರುಗಲಿಲ್ಲ.

ಅಷ್ಟರಲ್ಲಿ ಅಬಲೂರಿನಿಂದ ರೈತ ಗುದ್ಲೆಪ್ಪನ ಫೋನು. ಹುಳುಗಳಿಗೆ ಸೊಪ್ಪು ಕೊಯ್ದಿಟ್ಟು ಕಾಯುತ್ತಿದ್ದಾನಂತೆ, ಎಲ್ಲಿದ್ದೀರಿ ಎಂದು ಕೇಳಿದ. ಹೊರಟೆವು ಎಂದು ಸುಳ್ಳು ಹೇಳಿ ಅವಳು ಫೋನಿಟ್ಟಳು. ಒಳಗಿನ ಭಯ ಸಿಟ್ಟಾಗಿ ಹೊರಬಂತು.

"ಹೋದ ತಿಂಗಳ ನೀವ ನೋಡಿದ್ದಲ್ರಿ ಈ ಗಾಡಿ? ನಾ ಉತ್ತರ ಕೊಡಲಿಲ್ಲಂತ... ಏನರ ಸಡ್ಲ ಮಾಡಿ ಬಿಟ್ಟಿದ್ರೇನು?"

"ಏ ಶೈಲಾ, ನಾಲಗಿ ಹಿಡಿ," ಎಂದು ಹೊಳೆವ್ವ ಗದರಿದಳು.

ಸಂಜಯ ಬಾಗಿ, ಗ್ಯಾಸು ಅಳೆಯುವ ಗೇಜು ಹಚ್ಚಿದ. ಗ್ಯಾಸು ತುಂಬಿದಷ್ಟೇ ಇದೆ ಎಂದ. ಟ್ರೇಗಳ ಮೇಲೆ ಒದ್ದೆ ಬಟ್ಟೆ ಹೊದಿಸಲು ಹೊಳೆವ್ವನಿಗೆ ಹೇಳಿದ. ಆಮೇಲೆ ವೈರುಗಳನ್ನು ಒಂದೊಂದಾಗಿ ತಡವುತ್ತ ಹೋಗಿ, ಪೈಪಿನ ಹತ್ತಿರದ ಸಣ್ಣ ಪ್ಲಗ್ ಒಂದನ್ನು ಎಳೆದು ತೆಗೆದ.

ಅದರ ಪಿನ್ನುಗಳ ಮೇಲೆ ದಪ್ಪಗೆ ಹಸಿರು ಕಿಲುಬು.

ಚೀಲದಿಂದ ಕಿಲುಬು ಬಿಡಿಸುವ ಸ್ಪ್ರೇ ಡಬ್ಬಿ ತೆಗೆದವನು ಟ್ರೇಗಳತ್ತ ನೋಡಿದ. ಆ ವಾಸನೆ ಹುಳುಗಳಿಗೆ ವಿಷ. ಡಬ್ಬಿಯನ್ನು ಹಾಗೆಯೇ ಒಳಗಿಟ್ಟು, ಬ್ಲೇಡಿನಿಂದ ಪಿನ್ನು ಕೆರೆಯತೊಡಗಿದ. ಹತ್ತು ನಿಮಿಷ... ಹದಿನೈದು... ಬಿಸಿಲು ವ್ಯಾನಿನ ಚಕ್ರದವರೆಗೂ ಬಂತು.

ಪ್ಲಗ್ ಕೂರಿಸಿದ. ಟಕ್ ಎಂದು ಕಂಪ್ರೆಸರ್ ಹಿಡಿಯಿತು. ಟ್ರೇಗಳ ಮೇಲೆ ತಣ್ಣನೆಯ ಗಾಳಿ ಹರಿಯಿತು.

ಹೊಳೆವ್ವ ಉಳಿದ ಟ್ರೇ ತರಲು ಒಳಗೆ ಓಡಿದಳು. ಶೈಲಶ್ರೀ ಮಾತ್ರ ನಿಂತೇ ಇದ್ದಳು. ಆ ಕಿಲುಬು ಎಲ್ಲಿಂದ ಬಂತೆಂದು ಅವಳಿಗೆ ಹೊಳೆದಿತ್ತು. ಹುಳುಗಳಿಗೆ ರೋಗ ತಾಗದಿರಲೆಂದು ಪ್ರತಿ ಸಲವೂ ಬ್ಲೀಚಿಂಗ್ ಪುಡಿಯ ನೀರಿನಿಂದ ವ್ಯಾನು ತೊಳೆಯುತ್ತಿದ್ದವಳು ಅವಳೇ. ಬಾನೆಟ್ ಎತ್ತಿ, ಅದರೊಳಗೂ ಹೊಡೆಯುತ್ತಿದ್ದಳು.

ಈಗ ಹೇಳುತ್ತಾನೆ... ತಪ್ಪು ನಿನ್ನದೇ ಎನ್ನುತ್ತಾನೆ.

ಅವನು ಪಾನಾಗಳನ್ನು ಚೀಲಕ್ಕೆ ಹಾಕುತ್ತಿದ್ದ.

"ನಾ ಹೊಡದ ನೀರಿಂದನ ಹಿಂಗಾತಲ್ರಿ?" ಅವಳೇ ಕೇಳಿದಳು.

"ಹೌದ್ರಿ. ಇನ್ನ ಬಾನೆಟ್ ಒಳಗ ಹೊಡಿಬ್ಯಾಡ್ರಿ."

"ನಾ ಅಷ್ಟು ಅಂದಾಗ ಯಾಕ ಹೇಳಲಿಲ್ಲ?"

"ಆಗ ಗೊತ್ತಿರಲಿಲ್ರಿ. ಗೊತ್ತಾದ ಮ್ಯಾಲ... ಮೊದಲ ಹುಳ ಉಳೀಬೇಕಿತ್ತು." ಅವನು ಚೀಲದ ಬಾಯಿ ಕಟ್ಟಿ, ಮೊದಲ ಸಲ ಅವಳನ್ನು ನೋಡಿದ. "ಆದ್ರ ನೀವು ಅಂದಿದ್ದು ಮನಸ್ಸಿಗೆ ಹತ್ತೇತಿ. ಇಲ್ಲ ಅಂದ್ರ ಸುಳ್ಳಾಕ್ಕೇತಿ."

"ತಪ್ಪಾತ್ರಿ," ಎಂದಳು. ಆ ಮಾತನ್ನು ಸಾವಿರ ಸಲ ಹೇಳಿದ್ದಳು. ನಡುಗದೆ ಹೇಳಿದ್ದು ಇದೇ ಮೊದಲು.

"ಹೊಂಡ್ರಿ, ಬಿಸಲೇರಾಕತ್ತೇತಿ," ಎಂದ ಅವನು, ಮೆಲ್ಲಗೆ. "ನನ್ನ ಮಾತಿಗೆ ಅವಸರ ಇಲ್ರಿ."

ವ್ಯಾನು ಹೊರಡುವಾಗ ಹೊಳೆವ್ವ ಕಿಟಕಿಗೆ ಬಾಗಿ, ಅಷ್ಟೊತ್ತು ಏನಂದ ಎಂದು ಕೇಳಿದಳು.

"ಬಾನೆಟ್ ಒಳಗ ನೀರು ಹೊಡಿಬಾರದಂತವ್ವ."

ಅಷ್ಟೇ ಹೇಳಿ ಶೈಲಶ್ರೀ ಗೇರು ಹಾಕಿದಳು. ಅಬಲೂರಿನಲ್ಲಿ ಹುಳು ಇಳಿಸಿ ಬರುವಾಗ, ಮನೆಗೆ ಬರುವ ಮೊದಲು ಅವನ ಗ್ಯಾರೇಜಿನ ಮುಂದೆ ನಿಂತು ಉತ್ತರ ಹೇಳಬೇಕೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು. ಅದನ್ನು ಮಾತ್ರ ಹೇಳಲಿಲ್ಲ.