ಮೋಡಕ್ಕೆ ಕಟ್ಟಿದ ನೂಲು

ಮೋಡ ಸಾಕುತ್ತಿದ್ದ ಕಾಲದಲ್ಲಿ ಕೆಂಬರೆ ಅಂತ ಒಂದು ನಾಡು. ಅಲ್ಲಿನ ರಾಣಿ ಹೊನ್ನಾಂಬೆ ಅರಮನೆಯ ಮೇಲೊಂದು ಬಿಳಿ ಮೋಡ ಸಾಕಿದ್ದಳು. ಅದಕ್ಕೆ ತಿಳಿದದ್ದೆಲ್ಲ ಅದರ ಹೊಟ್ಟೆಯಲ್ಲಿ ಚಿತ್ರವಾಗಿ ಮೂಡುತ್ತಿತ್ತು.

ಕೆರೆ ಒಡೆದು ಊರು ಮುಳುಗಿಸುತ್ತೇನೆಂದು ಮಾಟಗಾರ ಕಾಳಂಗ ಶಪಥ ಮಾಡಿದ್ದ. ಕೆರೆಯ ಕೆಳಗಿನ ಊರಲ್ಲಿ ನೂಲುಗಾರ ಮಾಳಿಂಗನ ಮಗಳು ಶಿವಂತಿ ಬಾಣಂತಿ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಅವಳೊಬ್ಬಳೇ.

ಕಾವಲಿಗೆ ಮೂವರಿದ್ದರು. ಗುಡ್ಡದ ನವಿಲಿಗೆ ಮಳೆ ತಿಳಿಯುತ್ತಿತ್ತು. ಏರಿಯ ಇರುವೆಗಳಿಗೆ ಮಣ್ಣಿನ ನಡುಕ ತಿಳಿಯುತ್ತಿತ್ತು. ಕೆರೆಯ ಕಪ್ಪೆಗೆ ನೀರು ತಿಳಿಯುತ್ತಿತ್ತು. ಒಬ್ಬೊಬ್ಬರ ಮಾತು ಒಂದೊಂದು ಥರ. ಮೋಡಕ್ಕೆ ಗೊತ್ತಿದ್ದದ್ದು ನೂಲಿನ ಗಂಟಿನ ಮಾತು ಮಾತ್ರ.

ಗಂಟು ಕಲಿಸಲು ಮಾಳಿಂಗ ಹೊರಟ. ನವಿಲು ಬೆಂಕಿ ಉಗುಳಿತು. ಅವನು ಕದಲಲಿಲ್ಲ, ಮೋಡದಿಂದ ಇಳಿಬಿಟ್ಟ ನೂಲನ್ನು ಅದರ ಕಾಲಿಗೆ ಕಟ್ಟಿದ. ಇರುವೆಗಳು ಕೈ ಊದುವಂತೆ ಕಚ್ಚಿದವು. ಕದಲಲಿಲ್ಲ, ಕಟ್ಟಿದ. ಕಪ್ಪೆ ನಕ್ಕಿತು.

"ನನ್ನನ್ನೂ ಮೋಡಕ್ಕೆ ಏರಿಸ್ತೀಯಾ ಮಾವ? ಜಾರಿ ಬಿದ್ದರೆ ಯಾರು ಎತ್ತೋರು?"

ನೀನು ನೀರಲ್ಲೇ ಇರು, ಮಾತು ಏರಲಿ ಅಂದ. ಅದಕ್ಕೂ ಕಟ್ಟಿದ.

ಸುಮ್ಮಸುಮ್ಮನೆ ದೊಡ್ಡವರನ್ನು ಮಾತಾಡಿಸಬಾರದು ಅನ್ನೋದು ಆ ನಾಡಿನ ಮರ್ಯಾದೆ. ಅದರಂತೆ, ಏನಾದರೂ ಆದರೆ ಮಾತ್ರ ಗಂಟು ಹಾಕಿ ಅಂತ ಮೂವರಿಗೂ ಹೇಳಿ ಬಂದ.

ಒಂದು ಮಧ್ಯಾಹ್ನ ನವಿಲಿನ ನೂಲಿಗೆ ಗಂಟು ಬಿತ್ತು. ಗುಡ್ಡದ ಮೇಲೆ ಜಡಿಮಳೆ. ಮೋಡದ ಚಿತ್ರದಲ್ಲಿ ಕೆರೆ ಮಾತ್ರ ಮೊದಲಿನಂತೆ ಅರ್ಧ ತುಂಬಿ ತಣ್ಣಗಿತ್ತು. ಆಸ್ಥಾನಕ್ಕೆ ನೆಮ್ಮದಿ. ಮಾಳಿಂಗ ರಾಣಿಯ ಮುಂದೆ ಬಂದು ನಿಂತ.

"ತಾಯಿ, ಇಷ್ಟು ಮಳೆಗೂ ಕಪ್ಪೆ ಸುಮ್ಮನಿದೆ."

"ಸುಮ್ಮನಿದ್ದರೆ ಒಳ್ಳೇದಲ್ಲವೇನೋ ಮಾಳಿಂಗ? ನೀನೇ ಹೇಳಿಕೊಟ್ಟದ್ದು."

"ಮನೆಯವಳು ನರಳೋದು ನಿಂತಾಗ ನಾನೂ ಹಾಗೇ ಅಂದುಕೊಂಡೆ, ತಾಯಿ."

ಓಡಿದ. ಕೆರೆ ಅಂಚಿಗೆ ಬಂದಿತ್ತು. ಕಪ್ಪೆ ಕಲ್ಲಾಗಿ ಕೂತಿತ್ತು. ಕಾಳಂಗ ನೀರಲ್ಲಿ ನಿಂತು ಮಂತ್ರ ಗೊಣಗುತ್ತಿದ್ದ. ಒಂದೊಂದು ಮಾತಿಗೂ ನೀರು ಏರುತ್ತಿತ್ತು. ಅದು ಗುಟ್ಟಿನ ಮಂತ್ರ. ಊರಿಗೆ ತಿಳಿದರೆ ಸಾಯುವಂಥದ್ದು.

ಮಾಳಿಂಗ ಕಪ್ಪೆಯ ನೂಲು ಹಿಡಿದು ನೀರಿಗಿಳಿದ. ಕಾಳಂಗನ ಒಂದು ಮಾತಿಗೆ ಒಂದು ಗಂಟು ಹಾಕಿದ. ನೀರು ಸೊಂಟಕ್ಕೆ ಬಂತು. ಗಂಟು ಹಾಕಿದ. ಎದೆಗೆ ಬಂತು. ಗಂಟು ಹಾಕಿದ. ನೂಲು ಸುತ್ತಿಕೊಂಡು ಸಾಯೋಕೆ ಬಂದೆಯಾ ಅಂತ ಕಾಳಂಗ ಹಂಗಿಸಿದ. ಮಾಳಿಂಗ ಮತ್ತೆ ಗಂಟು ಹಾಕಿದ. ನೀರು ಗಂಟಲಿಗೆ ಬಂತು. ಕಡೆಯ ಗಂಟು ಬಿಗಿದ.

ಮೋಡದ ಹೊಟ್ಟೆಯಲ್ಲಿ ಮಂತ್ರವೆಲ್ಲ ಮೂಡಿತು. ನಾಡೆಲ್ಲ ತಲೆಯೆತ್ತಿ ಓದಿತು. ಮಂತ್ರ ಸತ್ತಿತು. ಕಾಳಂಗ ಉಪ್ಪಿನ ಹರಳಿನಂತೆ ಕರಗಿಹೋದ. ನೀರಿಳಿಯಿತು, ಕಪ್ಪೆಗೆ ಜೀವ ಬಂತು.

ಅಂದಿನಿಂದ ಆ ನಾಡಿನ ಮರ್ಯಾದೆ ಬದಲಾಯಿತು. ಏನೂ ಆಗದಿದ್ದರೂ ಮೂವರೂ ಜಾವಜಾವಕ್ಕೆ ಒಂದು ಗಂಟು ಹಾಕಬೇಕು. ಇದ್ದೀನಿ ಅನ್ನಬೇಕು, ಅಷ್ಟೇ. ನಾಡು ಸುಖವಾಗಿತ್ತು. ಮಾಳಿಂಗ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೋಡ ನೋಡುತ್ತಿದ್ದ. ಮೂರನೆಯ ಗಂಟು ಬಿದ್ದ ಮೇಲೆಯೇ ಊಟಕ್ಕೆ ಏಳುತ್ತಿದ್ದ.